ಮೇನ್‌ಫ್ರೇಮ್ ಮೇಲೆ ಲಿನಕ್ಸ್: ಯಾರಿಗೆ ಗಿಟ್ಟುತ್ತದೆ?

ಮೇನ್‌ಫ್ರೇಮ್ ಎಂದೊಡನೆ ಬ್ಯಾಂಕು, ವಿಮಾ ಕಂಪನಿ, ಕೋಬಾಲ್ ಪ್ರೋಗ್ರಾಂಗಳು ನೆನಪಾಗುತ್ತವೆ. ಲಿನಕ್ಸ್ ಎಂದರೆ ಕಾಲೇಜು ಲ್ಯಾಬಿನ ಪಿಸಿ ಅಥವಾ ಕ್ಲೌಡ್ ಸರ್ವರ್. ಇವೆರಡೂ ಒಂದೇ ಯಂತ್ರದಲ್ಲಿ ಬಾಳಲು ಶುರುಮಾಡಿ ಕಾಲು ಶತಮಾನವಾಯಿತು. ಐಬಿಎಂ ಜಡ್ ಯಂತ್ರದಲ್ಲಿ ಓಡುವ ಲಿನಕ್ಸ್ ಬೇರೆ ತಳಿಯದಲ್ಲ. ಅದೇ ಕರ್ನಲ್, ಅದೇ ಬ್ಯಾಷ್, ಅದೇ ಪೋಸ್ಟ್‌ಗ್ರೆಸ್. ಲಾಗಿನ್ ಆಗಿ ಯುನೇಮ್ ಕೊಟ್ಟರೆ ಎಕ್ಸ್86 ಇರಬೇಕಾದಲ್ಲಿ ಎಸ್390ಎಕ್ಸ್ ಎಂದು ಕಾಣುತ್ತದೆ, ಅಷ್ಟೆ. ವ್ಯತ್ಯಾಸವಿರುವುದು ಅದರ ಅಡಿಯ ಯಂತ್ರದಲ್ಲಿ ಮತ್ತು ವರ್ಷದ ಬಿಲ್ಲಿನಲ್ಲಿ. ಇದನ್ನು ಕೊಳ್ಳಲು ಯೋಚಿಸುವವರು ಯಂತ್ರದ ಬೆಲೆಯನ್ನೇ ಮೊದಲು ಕೇಳುತ್ತಾರೆ. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸಾಫ್ಟ್‌ವೇರ್ ಲೈಸೆನ್ಸ್‌ಗಳ ಕಡತ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂಬುದು ಖರ್ಚಿನ ಭಾಗದಲ್ಲಿ ಸ್ಪಷ್ಟವಾಗುತ್ತದೆ.

ಬೋಬ್ಲಿಂಗೆನ್‌ನ ಕೆಲಸ

ಮೇನ್‌ಫ್ರೇಮಿಗೆ ಲಿನಕ್ಸ್ ತರುವ ಪ್ರಯತ್ನ ಎರಡು ಕಡೆ ಬೇರೆಬೇರೆಯಾಗಿ ನಡೆಯಿತು. 1998ರ ಕೊನೆಯಲ್ಲಿ ಲೀನಾಸ್ ವೆಪ್‌ಸ್ಟಾಸ್ ಎಂಬ ಪ್ರೋಗ್ರಾಮರ್ ‘ಬಿಗ್‌ಫುಟ್’ ಎಂಬ ಹೆಸರಿನಲ್ಲಿ ಸ್ವತಂತ್ರವಾಗಿ ಕೆಲಸ ಆರಂಭಿಸಿದರು. ಜರ್ಮನಿಯ ಬೋಬ್ಲಿಂಗೆನ್‌ನಲ್ಲಿರುವ ಐಬಿಎಂ ಪ್ರಯೋಗಾಲಯದ ಎಂಜಿನಿಯರುಗಳೂ ಸದ್ದಿಲ್ಲದೆ ಅದೇ ಕೆಲಸದಲ್ಲಿದ್ದರು. 1999ರ ಡಿಸೆಂಬರಿನಲ್ಲಿ ಐಬಿಎಂ ತನ್ನ ಕೋಡನ್ನು ಬಹಿರಂಗಪಡಿಸಿದಾಗ ಗೆದ್ದದ್ದು ಬೋಬ್ಲಿಂಗೆನ್‌ನವರ ದಾರಿ. ಅದೇ ಮುಖ್ಯ ಕರ್ನಲ್‌ಗೆ ಸೇರಿ ಇಂದಿನವರೆಗೂ ಬೆಳೆಯುತ್ತಿದೆ. ಆ ಭಾಗವನ್ನು ಬಹುಕಾಲ ನೋಡಿಕೊಂಡ ಮಾರ್ಟಿನ್ ಶ್ವಿಡೆಫ್ಸ್ಕಿ 2019ರಲ್ಲಿ ತೀರಿಕೊಂಡರು. ಮೇನ್‌ಫ್ರೇಮ್ ಲಿನಕ್ಸ್ ಇಂದು ಇಷ್ಟು ಗಟ್ಟಿಯಾಗಿ ನಿಂತಿದ್ದರೆ ಅದರಲ್ಲಿ ಅವರ ದುಡಿಮೆಯ ಪಾಲು ದೊಡ್ಡದು.

ಮುಂದಿನ ಘಟನೆಗಳು ಬೇಗ ಬೇಗ ನಡೆದವು. 2000ರಲ್ಲಿ ಸುಸೆ ಕಂಪನಿ ಐಬಿಎಂನ ಅಂದಿನ ಮೇನ್‌ಫ್ರೇಮ್ ಎಸ್/390ಕ್ಕೆ ತನ್ನ ಎಂಟರ್‌ಪ್ರೈಸ್ ಆವೃತ್ತಿ ಹೊರತಂದಿತು. ಅದೇ ವರ್ಷ ಡೇವಿಡ್ ಬೋಯ್ಸ್ ಎಂಬ ಎಂಜಿನಿಯರ್ ಒಂದೇ ಮೇನ್‌ಫ್ರೇಮಿನಲ್ಲಿ 41,400 ಲಿನಕ್ಸ್ ವ್ಯವಸ್ಥೆಗಳನ್ನು ಏಕಕಾಲಕ್ಕೆ ಏಳಿಸಿ ತೋರಿಸಿದರು. ಅಷ್ಟನ್ನೂ ದುಡಿಸುವುದು ಉದ್ದೇಶವಾಗಿರಲಿಲ್ಲ, ಯಂತ್ರದ ತಾಕತ್ತು ಎಲ್ಲಿಯವರೆಗೆ ಎಂದು ನೋಡುವ ಪರೀಕ್ಷೆ ಅದು. ನಿಜವಾದ ದುಡಿಮೆಯ ಉದಾಹರಣೆ ಸ್ವೀಡನ್ನಿನ ಟೆಲಿಯಾ ದೂರಸಂಪರ್ಕ ಕಂಪನಿಯದು. ಸುಮಾರು 70 ಯುನಿಕ್ಸ್ ಸರ್ವರುಗಳನ್ನು ತೆಗೆದು ಒಂದೇ ಎಸ್/390ರ ಮೇಲೆ 1,500 ವರ್ಚುವಲ್ ಲಿನಕ್ಸ್‌ಗಳನ್ನು ಇಡುವ ಯೋಜನೆಯನ್ನು ಅದು 2000ರಲ್ಲೇ ಪ್ರಕಟಿಸಿತು. 2007ರಲ್ಲಿ ಸ್ವತಃ ಐಬಿಎಂ ತನ್ನ ಸುಮಾರು 3,900 ಸರ್ವರುಗಳ ಕೆಲಸವನ್ನು ಲಿನಕ್ಸ್ ಓಡುವ 30ರಷ್ಟು ಮೇನ್‌ಫ್ರೇಮುಗಳಿಗೆ ಸಾಗಿಸುವುದಾಗಿ ಹೇಳಿತು. 2015ರ ಆಗಸ್ಟಿನಲ್ಲಿ ಲಿನಕ್ಸ್ ಒಂದನ್ನೇ ಓಡಿಸುವ ‘ಲಿನಕ್ಸ್‌ವನ್’ ಸರಣಿ ಮಾರುಕಟ್ಟೆಗೆ ಬಂತು. ಉಬುಂಟು ಇತ್ತ ಕಾಲಿಟ್ಟದ್ದೂ ಆ ಹೊತ್ತಿನಲ್ಲೇ.

ಯಂತ್ರದ ಒಳಗೆ

2022ರ ಜಡ್16 ಯಂತ್ರದಲ್ಲಿ ಗ್ರಾಹಕರು ಬಳಸಬಹುದಾದ ಕೋರ್‌ಗಳು ಗರಿಷ್ಠ 200, ಮೆಮೊರಿ ಗರಿಷ್ಠ 40 ಟೆರಾಬೈಟ್, ಪ್ರೊಸೆಸರ್ ವೇಗ 5.2 ಗಿಗಾಹರ್ಟ್ಸ್. ಈ ಅಂಕಿಗಳಿಗಿಂತ ಮುಖ್ಯವಾದದ್ದು ಕೆಲಸದ ಹಂಚಿಕೆ. ಡಿಸ್ಕ್, ನೆಟ್‌ವರ್ಕ್‌ಗಳ ಓದು-ಬರಹವನ್ನು ಚಾನೆಲ್ ವ್ಯವಸ್ಥೆ ಎಂಬ ಪ್ರತ್ಯೇಕ ಭಾಗ ತನ್ನದೇ ಪ್ರೊಸೆಸರುಗಳಿಂದ ನಿಭಾಯಿಸುತ್ತದೆ. ಹಾಗಾಗಿ ಲಿನಕ್ಸ್ ಓಡುವ ಕೋರ್‌ಗಳು ಡಿಸ್ಕಿನ ಚಾಕರಿಯಲ್ಲಿ ಸವೆಯುವುದಿಲ್ಲ. ಡೇಟಾಬೇಸ್ ಕೆಲಸಕ್ಕೆ ಈ ಯಂತ್ರ ಹೇಳಿ ಮಾಡಿಸಿದಂತಿರಲು ಇದೇ ಕಾರಣ.

ಯಂತ್ರವನ್ನು ಪಾಲು ಮಾಡಲು ಎರಡು ಹಂತಗಳಿವೆ. ಮೊದಲನೆಯದು ಎಲ್‌ಪಾರ್, ಅಂದರೆ ಹಾರ್ಡ್‌ವೇರ್ ಮಟ್ಟದಲ್ಲೇ ಗೋಡೆ ಎಬ್ಬಿಸಿದಂಥ ವಿಭಾಗ. ದೊಡ್ಡ ಯಂತ್ರದಲ್ಲಿ ಇಂಥವು 85ರವರೆಗೆ. ಒಂದು ಎಲ್‌ಪಾರ್‌ನಲ್ಲಿ ಬ್ಯಾಂಕಿನ ಹಳೆಯ ಜಡ್/ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡುತ್ತಿದ್ದರೆ ಪಕ್ಕದ್ದರಲ್ಲಿ ಲಿನಕ್ಸ್ ಓಡಬಹುದು. ಇವೆರಡರ ನಡುವೆ ಕೇಬಲ್ಲೇ ಬೇಡ, ಹೈಪರ್‌ಸಾಕೆಟ್ಸ್ ಎಂಬ ಸೌಲಭ್ಯದಿಂದ ಮೆಮೊರಿಯಲ್ಲೇ ಮಾಹಿತಿ ದಾಟುತ್ತದೆ. ಎಲ್‌ಪಾರ್ ಒಳಗೆ ಮತ್ತೆ ಜಡ್/ವಿಎಂ ಅಥವಾ ಕೆವಿಎಂ ಎಂಬ ವರ್ಚುವಲೈಸೇಷನ್ ಸಾಫ್ಟ್‌ವೇರ್ ಹಾಕಿದರೆ ನೂರಾರು ಗೆಸ್ಟ್‌ಗಳನ್ನು, ಅಂದರೆ ವರ್ಚುವಲ್ ಯಂತ್ರಗಳನ್ನು, ಕೂರಿಸಬಹುದು. ಜಡ್/ವಿಎಂನ ವಂಶ 1972ರ ವಿಎಂ/370ರಿಂದ ಬಂದದ್ದು. ವರ್ಚುವಲೈಸೇಷನ್ ಎಂಬುದು ಪಿಸಿ ಲೋಕಕ್ಕೆ ಹೊಸದೆನಿಸಿದಾಗ ಇಲ್ಲಿ ಅದಕ್ಕೆ ಮೂವತ್ತು ವರ್ಷದ ಅನುಭವವಿತ್ತು.

ಕಾರ್ಡ್ ರೀಡರಿನಿಂದ ಬೂಟ್

ಜಡ್/ವಿಎಂ ಮೇಲೆ ಮೊದಲ ಬಾರಿ ಲಿನಕ್ಸ್ ಹಾಕುವವರು ಬೆರಗಾಗುವುದು ಇಲ್ಲಿ. ಡಿವಿಡಿ, ಯುಎಸ್‌ಬಿ ಯಾವುದೂ ಇಲ್ಲ. ಗೆಸ್ಟ್‌ಗೆ ಹುಟ್ಟಿನಿಂದಲೇ ಒಂದು ವರ್ಚುವಲ್ ಕಾರ್ಡ್ ಪಂಚ್, ಒಂದು ವರ್ಚುವಲ್ ಕಾರ್ಡ್ ರೀಡರ್ ಇರುತ್ತವೆ. 3270 ಪರದೆಯಲ್ಲಿ ಲಾಗಿನ್ ಆಗಿ ಮೊದಲು ರೀಡರನ್ನು ಖಾಲಿ ಮಾಡಬೇಕು. ನಂತರ ಪಂಚ್‌ನಿಂದ ಹೊರಬಂದದ್ದು ನೇರ ತನ್ನದೇ ರೀಡರಿಗೆ ಬೀಳುವಂತೆ ಜೋಡಿಸಬೇಕು. ಆಮೇಲೆ ಕರ್ನಲ್, ಪ್ಯಾರಾಮೀಟರ್ ಫೈಲ್, ಇನಿಟ್‌ಆರ್‌ಡಿ ಈ ಮೂರನ್ನು ಇದೇ ಕ್ರಮದಲ್ಲಿ ಪಂಚ್ ಮಾಡಿ ‘ಐಪಿಎಲ್ 00ಸಿ ಕ್ಲಿಯರ್’ ಎಂಬ ಆಜ್ಞೆ ಕೊಡಬೇಕು. ಇಲ್ಲಿ ಬೂಟ್‌ಗೆ ಐಪಿಎಲ್ ಎನ್ನುತ್ತಾರೆ. 00ಸಿ ಎಂದರೆ ರೀಡರಿನ ವಿಳಾಸ.

ಕಾರ್ಡ್ ಎಂದಮೇಲೆ ಕಾರ್ಡಿನ ಕಟ್ಟಳೆಯೂ ಇರಬೇಕಲ್ಲ. ಫೈಲಿನ ಪ್ರತಿ ದಾಖಲೆ ಸರಿಯಾಗಿ 80 ಬೈಟ್ ಇರಬೇಕು, ಏಕೆಂದರೆ ಪಂಚ್ ಕಾರ್ಡಿಗೆ 80 ಕಾಲಂ. ಎಫ್‌ಟಿಪಿಯಲ್ಲಿ ತರುವಾಗ ಇದನ್ನು ಮರೆತು ಕರ್ನಲ್ಲನ್ನು ಬೇರೆ ಅಳತೆಯಲ್ಲಿ ತಂದರೆ ಐಪಿಎಲ್ ಅಲ್ಲೇ ಕುಸಿಯುತ್ತದೆ. ಹೊಸಬರ ಸಮಸ್ಯೆಗಳಲ್ಲಿ ಬಹುಪಾಲು ಇಂಥವೇ. ಡಿಸ್ಕ್ ವಿಷಯವೂ ಹಾಗೇ. ಪಿಸಿಯಲ್ಲಿ ಡಿಸ್ಕ್ ತಾನಾಗಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಅದನ್ನು ವಿಳಾಸ ಹೇಳಿ ಆನ್‌ಲೈನ್ ಮಾಡಬೇಕು. ಮೇನ್‌ಫ್ರೇಮಿನದೇ ಆದ ಡ್ಯಾಸ್‌ಡಿ ಡಿಸ್ಕಾಗಿದ್ದರೆ ಬಳಸುವ ಮುನ್ನ ಅದಕ್ಕೆಂದೇ ಇರುವ ಫಾರ್ಮ್ಯಾಟ್ ಆಜ್ಞೆಯನ್ನೂ ಕೊಡಬೇಕು. ಸಾಮಾನ್ಯ ಸ್ಯಾನ್ ಸಂಗ್ರಹವನ್ನು ಫೈಬರ್ ಚಾನೆಲ್ ಮೂಲಕ ಜೋಡಿಸಿದರೆ ಈ ಹಂತ ತಪ್ಪುತ್ತದೆ, ಅನೇಕ ಕಡೆ ಖರ್ಚೂ ಇಳಿಯುತ್ತದೆ.

ಗಡಿಯಾರ ಮತ್ತು ಮೆಮೊರಿ

ಒಂದು ಯಂತ್ರ ಒಬ್ಬರಿಗೇ ಎಂಬ ಊಹೆಯಲ್ಲಿ ಹುಟ್ಟಿದ್ದು ಲಿನಕ್ಸ್. ಹಂಚಿಕೊಂಡು ಬಾಳುವ ಮನೆಗೆ ಬಂದಾಗ ಅದರ ಕೆಲವು ಅಭ್ಯಾಸಗಳು ತೊಂದರೆ ಕೊಟ್ಟವು. ಮೊದಲ ದಿನಗಳಲ್ಲಿ ಕರ್ನಲ್ ಕೆಲಸವಿರಲಿ ಬಿಡಲಿ ಸೆಕೆಂಡಿಗೆ 100 ಸಲ ಎದ್ದು ಗಡಿಯಾರ ನೋಡುತ್ತಿತ್ತು. ಒಂದೇ ಯಂತ್ರವಿದ್ದಾಗ ಇದು ಲೆಕ್ಕಕ್ಕಿಲ್ಲ. ಸಾವಿರ ಗೆಸ್ಟ್‌ಗಳಿದ್ದರೆ ಸುಮ್ಮನೆ ಕುಳಿತಿರುವಾಗಲೂ ಸೆಕೆಂಡಿಗೆ ಲಕ್ಷ ಸಲ ಎಚ್ಚರ. ಯಾರೂ ದುಡಿಯದಿದ್ದರೂ ಪ್ರೊಸೆಸರ್ ಬಿಡುವಿಲ್ಲದೆ ಓಡುತ್ತಿತ್ತು. ಬೇಕಾದಾಗ ಮಾತ್ರ ಗಡಿಯಾರ ಎಬ್ಬಿಸುವಂತೆ ಎಸ್390 ತಂಡ ಕರ್ನಲ್ಲನ್ನು ತಿದ್ದಿತು. ಟಿಕ್ ಇಲ್ಲದ ಕರ್ನಲ್ ಇಂದು ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುತ್ತದೆ. ಆದರೆ ಆ ಅಗತ್ಯದ ಬಿಸಿ ಮೊದಲು ತಟ್ಟಿದವರಲ್ಲಿ ಮೇನ್‌ಫ್ರೇಮಿನವರೂ ಇದ್ದರು.

ಇನ್ನೊಂದು ಅಭ್ಯಾಸ ಮೆಮೊರಿಯದು. ಲಿನಕ್ಸ್‌ಗೆ ಎಷ್ಟು ಕೊಟ್ಟರೂ ಉಳಿದದ್ದನ್ನೆಲ್ಲ ಫೈಲ್ ಕ್ಯಾಶ್‌ಗೆ ತುಂಬಿಕೊಳ್ಳುತ್ತದೆ. ಸ್ವಂತ ಯಂತ್ರದಲ್ಲಿ ಅದು ಜಾಣತನ, ಹಂಚಿಕೆಯ ಯಂತ್ರದಲ್ಲಿ ಪಕ್ಕದವನ ಪಾಲು ಕಸಿದಂತೆ. ಆದ್ದರಿಂದ ಜಡ್/ವಿಎಂ ಅನುಭವಿಗಳು ಗೆಸ್ಟ್‌ಗೆ ಕೈ ಬಿಗಿಹಿಡಿದೇ ಮೆಮೊರಿ ಕೊಡುತ್ತಾರೆ. ಅದು ಆಗಾಗ ಒಂಚೂರು ಸ್ವಾಪ್ ಮಾಡುವ ಮಟ್ಟಕ್ಕೆ ಇಳಿಸಿ, ಆ ಸ್ವಾಪನ್ನು ಮೆಮೊರಿಯಲ್ಲೇ ಇರುವ ವಿ-ಡಿಸ್ಕ್ ಮೇಲೆ ಇಡುತ್ತಾರೆ. ಪಿಸಿ ಸರ್ವರಿನಲ್ಲಿ 16 ಜಿಬಿ ಇತ್ತು, ಇಲ್ಲೂ 16 ಕೊಡಿ ಎಂದು ಕೇಳುವ ಅಪ್ಲಿಕೇಷನ್ ತಂಡದ ಜೊತೆ ವಾದ ಮಾಡುವುದೇ ಇವರ ಕೆಲಸದ ಒಂದು ದೊಡ್ಡ ಭಾಗ.

ಖರ್ಚಿನ ಲೆಕ್ಕ

ಮೊದಲು ಐಎಫ್‌ಎಲ್ ಎಂಬುದನ್ನು ತಿಳಿಯಬೇಕು. 2000ರಲ್ಲಿ ಬಂದ ಇದು ಲಿನಕ್ಸ್‌ಗೆಂದೇ ಮೀಸಲಾದ ಪ್ರೊಸೆಸರ್. ಚಿಪ್ ಅದೇ, ಮೈಕ್ರೋಕೋಡ್ ಬೇರೆ. ಇದರಲ್ಲಿ ಜಡ್/ಓಎಸ್ ಓಡುವುದಿಲ್ಲ. ಇಷ್ಟು ಕಟ್ಟಿಹಾಕಿದ್ದಕ್ಕೆ ಪ್ರತಿಯಾಗಿ ಗ್ರಾಹಕರಿಗೆ ಎರಡು ಅನುಕೂಲ. ಜಡ್/ಓಎಸ್ ಸಾಫ್ಟ್‌ವೇರಿನ ತಿಂಗಳ ಬಾಡಿಗೆ ಯಂತ್ರದ ಸಾಮರ್ಥ್ಯದ ಮೇಲೆ ನಿಂತಿರುತ್ತದೆ, ಐಎಫ್‌ಎಲ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಸಾಮಾನ್ಯ ಪ್ರೊಸೆಸರನ್ನು ಗ್ರಾಹಕರು ಕೊಂಡಷ್ಟೇ ವೇಗಕ್ಕೆ ತಗ್ಗಿಸಿಟ್ಟಿದ್ದರೂ ಐಎಫ್‌ಎಲ್ ಯಾವಾಗಲೂ ಪೂರ್ಣ ವೇಗದಲ್ಲಿ ಓಡುತ್ತದೆ. ಮೊದಲ ವರ್ಷಗಳಲ್ಲಿ ಒಂದು ಐಎಫ್‌ಎಲ್‌ಗೆ ಸುಮಾರು 1,25,000 ಡಾಲರ್ ಬೆಲೆ ಇತ್ತು. ಮುಂದೆ ಇಳಿಯಿತು. 2011ರ ಜಡ್114 ಎಂಬ ಚಿಕ್ಕ ಯಂತ್ರ 75 ಸಾವಿರ ಡಾಲರಿನಿಂದಲೇ ಶುರುವಾಗುತ್ತಿತ್ತು.

ಇದರ ಮೇಲೆ ಮೆಮೊರಿ, ಡಿಸ್ಕ್, ಹಾರ್ಡ್‌ವೇರ್ ನಿರ್ವಹಣೆ. ಜಡ್/ವಿಎಂ ಬೇಕಾದರೆ ಪ್ರೊಸೆಸರ್ ಲೆಕ್ಕದಲ್ಲಿ ಒಂದು ಸಲದ ಶುಲ್ಕ, ಜೊತೆಗೆ ವಾರ್ಷಿಕ ಬೆಂಬಲದ ಹಣ. ಕೆವಿಎಂ ಆದರೆ ಲಿನಕ್ಸ್ ಜೊತೆಯಲ್ಲೇ ಬರುತ್ತದೆ. ರೆಡ್ ಹ್ಯಾಟ್, ಸುಸೆ ಚಂದಾ ಐಎಫ್‌ಎಲ್ ಎಣಿಕೆಯ ಮೇಲೆ. ಒಂದು ಐಎಫ್‌ಎಲ್ ಮೇಲೆ ಹತ್ತು ಗೆಸ್ಟ್ ಇರಲಿ, ಐವತ್ತಿರಲಿ, ಚಂದಾ ಬದಲಾಗುವುದಿಲ್ಲ.

ಈಗ ಲೈಸೆನ್ಸ್ ಕಡತ. ಒರಾಕಲ್ ಎಂಟರ್‌ಪ್ರೈಸ್ ಡೇಟಾಬೇಸಿನ ಪಟ್ಟಿಬೆಲೆ ಪ್ರೊಸೆಸರಿಗೆ 47,500 ಡಾಲರ್, ವರ್ಷದ ಬೆಂಬಲಕ್ಕೆ ಅದರ ಶೇ 22. ಕೋರ್ ಎಣಿಕೆಯನ್ನು ಅದು ಒಂದು ಗುಣಕದಿಂದ ತೂಗುತ್ತದೆ. ಎಕ್ಸ್86ಕ್ಕೆ 0.5, ಮೇನ್‌ಫ್ರೇಮಿಗೆ 1.0. ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳಿ. ತಲಾ 8 ಕೋರ್‌ನ 40 ಸರ್ವರುಗಳಿವೆ, ಎಲ್ಲವೂ ಬಹುಪಾಲು ಹೊತ್ತು ಖಾಲಿ ಕುಳಿತಿರುತ್ತವೆ. 320 ಕೋರ್, ಅಂದರೆ 160 ಲೈಸೆನ್ಸ್, 76 ಲಕ್ಷ ಡಾಲರ್. ಬೆಂಬಲಕ್ಕೇ ವರ್ಷಕ್ಕೆ 16.72 ಲಕ್ಷ. ಇಷ್ಟು ಕೆಲಸ 20 ಐಎಫ್‌ಎಲ್‌ಗಳಲ್ಲಿ ಹಿಡಿದರೆ ಲೈಸೆನ್ಸ್ 20, ವಾರ್ಷಿಕ ಬೆಂಬಲ 2.09 ಲಕ್ಷ. ವರ್ಷಕ್ಕೆ ಉಳಿದದ್ದು 14.63 ಲಕ್ಷ ಡಾಲರ್. ಮಾರಾಟದವರು ತೋರಿಸುವುದು ಈ ಪುಟವನ್ನೇ.

ಆದರೆ ಗ್ರಾಹಕರು ಇನ್ನೊಂದು ಪುಟವನ್ನೂ ತಾವೇ ಬರೆಯಬೇಕು. ಅದೇ 40 ಹಳೆಯ ಸರ್ವರುಗಳನ್ನು ಹೊಸ ಎಕ್ಸ್86 ಯಂತ್ರಗಳಲ್ಲಿ ಒಟ್ಟುಗೂಡಿಸಿ 80 ಕೋರ್‌ಗೆ ಇಳಿಸಬಹುದಾದರೆ ಲೈಸೆನ್ಸ್ 40, ಬೆಂಬಲ ವರ್ಷಕ್ಕೆ 4.18 ಲಕ್ಷ. ಆಗ ಮೇನ್‌ಫ್ರೇಮಿನಿಂದ ಸಿಗುವ ಹೆಚ್ಚಿನ ಉಳಿತಾಯ ವರ್ಷಕ್ಕೆ ಸುಮಾರು 2 ಲಕ್ಷ. ಅಷ್ಟಕ್ಕಾಗಿ ಹೊಸ ಮೇನ್‌ಫ್ರೇಮ್ ತರುವುದು ಬಹುತೇಕ ಗಿಟ್ಟದು. ಹಳೆಯ, ಖಾಲಿ ಕುಳಿತ ಸರ್ವರುಗಳ ಜೊತೆ ಹೊಸ ಮೇನ್‌ಫ್ರೇಮನ್ನು ತೂಗುವುದು ನ್ಯಾಯವಾದ ತೂಕವಲ್ಲ. ಈಗಾಗಲೇ ಮೇನ್‌ಫ್ರೇಮ್ ಇಟ್ಟುಕೊಂಡು, ಅದರಲ್ಲೇ ಮೂಲ ದತ್ತಾಂಶವಿದ್ದು, ಪಕ್ಕದಲ್ಲಿ ಎರಡು-ಮೂರು ಐಎಫ್‌ಎಲ್ ತೆರೆಯುವವರ ಕಥೆ ಬೇರೆ. ಜಾಗ, ವಿದ್ಯುತ್ತು, ಬ್ಯಾಕಪ್ ಕೇಂದ್ರ, ತಿಳಿದ ಸಿಬ್ಬಂದಿ ಎಲ್ಲವೂ ಆಗಲೇ ಇರುವುದರಿಂದ ಅಂಥವರಿಗೆ ಇದು ನಿಜಕ್ಕೂ ಲಾಭದ ದಾರಿ.

ತಾಂತ್ರಿಕ ಬೆಂಬಲ

ಲಿನಕ್ಸ್‌ಗೆ ಯಾರು ಹೊಣೆ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಮೂರು ಉತ್ತರಗಳಿವೆ. ಹಾರ್ಡ್‌ವೇರ್ ಐಬಿಎಂನದು. ಒಂದು ಕೋರ್ ಕೈಕೊಟ್ಟರೆ ಮೀಸಲು ಕೋರ್ ಅದರ ಜಾಗಕ್ಕೆ ಬರುತ್ತದೆ, ಲಿನಕ್ಸ್‌ಗೆ ಗೊತ್ತೇ ಆಗುವುದಿಲ್ಲ. ಯಂತ್ರ ತಾನೇ ಐಬಿಎಂಗೆ ಸುದ್ದಿ ಮುಟ್ಟಿಸುತ್ತದೆ. ಜಡ್/ವಿಎಂ ಕೂಡ ಐಬಿಎಂನದೇ. ಕರ್ನಲ್ ಮತ್ತು ಪ್ಯಾಕೇಜುಗಳು ರೆಡ್ ಹ್ಯಾಟ್, ಸುಸೆ, ಕೆನಾನಿಕಲ್ ಇವರದು. 2019ರಲ್ಲಿ ಐಬಿಎಂ ರೆಡ್ ಹ್ಯಾಟನ್ನೇ ಕೊಂಡಿದ್ದರೂ ಬೆಂಬಲದ ಟಿಕೆಟ್ ಅವರ ಹೆಸರಿನಲ್ಲೇ ತೆರೆಯಬೇಕು. ಮೂರಕ್ಕೂ ಸೇರಿ ಐಬಿಎಂ ಬಳಿಯೇ ಒಪ್ಪಂದ ಮಾಡಿಕೊಳ್ಳುವ ದಾರಿಯೂ ಉಂಟು. ನಡುರಾತ್ರಿ ತೊಂದರೆಯಾದಾಗ ಒಂದೇ ಫೋನ್ ನಂಬರ್ ಇರುವುದು ದೊಡ್ಡ ನೆಮ್ಮದಿ.

ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು ಡಿಬಿಜಿಇನ್‌ಫೋ ಎಂಬ ಸ್ಕ್ರಿಪ್ಟಿನ ಫಲಿತಾಂಶ. ಎಸ್390-ಟೂಲ್ಸ್ ಪ್ಯಾಕೇಜಿನಲ್ಲಿರುವ ಇದು ಡಿಸ್ಕ್, ನೆಟ್‌ವರ್ಕ್, ಕರ್ನಲ್ ಸಂದೇಶಗಳನ್ನೆಲ್ಲ ಒಂದೇ ಗಂಟು ಕಟ್ಟಿಕೊಡುತ್ತದೆ. ವ್ಯವಸ್ಥೆ ಪೂರ್ತಿ ನಿಂತೇಹೋದರೆ ಮೆಮೊರಿ ಡಂಪ್ ಬೇಕು. ಅದಕ್ಕೆ ಡಂಪ್ ಡಿಸ್ಕನ್ನು ಮೊದಲೇ ಸಿದ್ಧಮಾಡಿ ಇಟ್ಟಿರಬೇಕು. ತೊಂದರೆ ಬಂದ ಮೇಲೆ ಡಿಸ್ಕ್ ಹುಡುಕಲು ಹೊರಟರೆ ಸಾಕ್ಷ್ಯ ಕೈತಪ್ಪಿರುತ್ತದೆ.

ಇದೆಲ್ಲಕ್ಕಿಂತ ದುಬಾರಿಯಾದದ್ದು ಜನ. ಲಿನಕ್ಸ್ ಬಲ್ಲವರು ಬೇಕಾದಷ್ಟಿದ್ದಾರೆ, ಜಡ್/ವಿಎಂ ಬಲ್ಲವರು ಕಡಿಮೆ. ಬೆಂಗಳೂರಿನಲ್ಲಿ ಐಬಿಎಂನ ಸಿಸ್ಟಮ್ಸ್ ಅಭಿವೃದ್ಧಿ ಪ್ರಯೋಗಾಲಯವಿದೆ, ಹೊರದೇಶದ ಬ್ಯಾಂಕುಗಳ ಮೇನ್‌ಫ್ರೇಮ್ ನೋಡಿಕೊಳ್ಳುವ ಸೇವಾ ಕಂಪನಿಗಳೂ ಇವೆ. ಎರಡೂ ಬಲ್ಲ ಎಂಜಿನಿಯರಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ.

ಎಲ್ಲಿ ಒಗ್ಗದು

ಎಕ್ಸ್86ಕ್ಕೆ ಕಂಪೈಲ್ ಆದ ಪ್ರೋಗ್ರಾಂ ಇಲ್ಲಿ ಓಡುವುದಿಲ್ಲ. ಕಂಟೇನರ್ ಇಮೇಜ್ ಕೂಡ ಎಸ್390ಎಕ್ಸ್‌ಗೆಂದೇ ಕಟ್ಟಿದ್ದಾಗಿರಬೇಕು. ಜಾವಾ, ಪೈಥಾನ್ ಕೋಡು ಸಾಮಾನ್ಯವಾಗಿ ಹಾಗೇ ಬರುತ್ತದೆ. ಸಿ ಭಾಷೆಯಲ್ಲಿ ಬರೆದು ಬೈಟ್‌ಗಳ ಕ್ರಮದ ಮೇಲೆ ಭರವಸೆ ಇಟ್ಟ ಕೋಡು ಎಡವುತ್ತದೆ, ಏಕೆಂದರೆ ಇಂಟೆಲ್ ಯಂತ್ರದಲ್ಲಿ ಕಿರಿಯ ಬೈಟ್ ಮೊದಲು, ಇಲ್ಲಿ ಹಿರಿಯ ಬೈಟ್ ಮೊದಲು. ಮೂಲ ಕೋಡ್ ಕೊಡದ ಕಂಪನಿ ಎಸ್390ಎಕ್ಸ್ ಆವೃತ್ತಿಯನ್ನೂ ಕೊಡದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಇಡೀ ದಿನ ಲೆಕ್ಕಾಚಾರದಲ್ಲೇ ಮುಳುಗಿರುವ ವೈಜ್ಞಾನಿಕ ಕೆಲಸ, ಗ್ರಾಫಿಕ್ಸ್ ಕೆಲಸಗಳಿಗೂ ಈ ಯಂತ್ರ ತಕ್ಕದ್ದಲ್ಲ.

ಇದನ್ನು ಕೊಳ್ಳುವ ಮುನ್ನವೇ ಪರೀಕ್ಷಿಸಬಹುದು. 1999ರಿಂದ ಲಭ್ಯವಿರುವ ಹರ್ಕ್ಯುಲಿಸ್ ಎಂಬ ಮುಕ್ತ ಎಮ್ಯುಲೇಟರ್ ಮತ್ತು ಕ್ಯೂಎಮು ಎರಡೂ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಎಸ್390ಎಕ್ಸ್ ಲಿನಕ್ಸನ್ನು ಓಡಿಸುತ್ತವೆ. ನಿಧಾನ, ಆದರೆ ಕಲಿಕೆಗೆ ಸಾಕು. ನಿಜವಾದ ಯಂತ್ರವೇ ಬೇಕೆಂದರೆ ಐಬಿಎಂ ನಡೆಸುವ ಲಿನಕ್ಸ್‌ವನ್ ಕಮ್ಯುನಿಟಿ ಕ್ಲೌಡ್‌ನಲ್ಲಿ ಹೆಸರು ನೋಂದಾಯಿಸಿದವರಿಗೆ 120 ದಿನಗಳ ಕಾಲ ಒಂದು ವರ್ಚುವಲ್ ಸರ್ವರ್ ಉಚಿತವಾಗಿ ಸಿಗುತ್ತದೆ. ಅಲ್ಲಿ ನಿಮ್ಮ ಕೋಡು ಕಂಪೈಲ್ ಆಗಿ ಪರೀಕ್ಷೆಗಳು ಪಾಸಾದ ಮೇಲೆ ಬೆಲೆಪಟ್ಟಿ ತರಿಸಿಕೊಳ್ಳಿ.