ವಧೂವರಾನ್ವೇಷಣೆಯಲ್ಲಿ ದೋಷಗೋಪನ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಸಂಗೀತವಿದ್ವಾಂಸರ ಊರೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಆ ಹೆಸರಿನ ಭರದಲ್ಲಿ ಊರಿನ ಮತ್ತೊಂದು ಕೀರ್ತಿಯು ಕೊಂಚ ಮರೆಯಾಗಿರುವುದೆನ್ನಬೇಕು. 1868ರಲ್ಲಿ ಅಲ್ಲಿ ಜನಿಸಿದ ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸಮಾಡುತ್ತಿದ್ದಾಗ, ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಬೆಳಕಿಗೆ ತಂದರು. ಗೂಢಚಾರರ ವಿಷಯವನ್ನೂ ಬೊಕ್ಕಸದ ವಿಷಯವನ್ನೂ ಅರಸಿ ಆ ಗ್ರಂಥವನ್ನು ತೆರೆಯುವವರು ಬಹುಮಂದಿ; ಅದರ ಮೂರನೆಯ ಅಧಿಕರಣವಾದ ಧರ್ಮಸ್ಥೀಯವನ್ನು ನಿಧಾನವಾಗಿ ಓದುವವರು ವಿರಳ. ಹೆಣ್ಣುಗಂಡುಗಳನ್ನು ಕೂಡಿಸುವಾಗ ದೋಷವನ್ನು ಮುಚ್ಚಿಡುವವರ ವಿಷಯದಲ್ಲಿ ಅಲ್ಲಿ ಒಂದು ಚಿಕ್ಕ ಕಟ್ಟಳೆಯಿದೆ. ಕೈಯೊಳಗಿನ ಮೊಬೈಲಿನಲ್ಲಿಯೇ ಅಪರಿಚಿತರ ಪರಿಚಯವನ್ನು ಅರಸುವ ಇಂದಿನ ಯುವಜನರಿಗೆ ಅದು ಎಷ್ಟರಮಟ್ಟಿಗೆ ಉಪಯುಕ್ತವೆಂಬುದು ಇಲ್ಲಿನ ವಿಚಾರ.

ಮೊದಲು ಗೃಹ್ಯಸೂತ್ರಗಳನ್ನು ನೋಡಬೇಕು. ವಿವಾಹಾರ್ಥಿಯಾದವನು ಮಂತ್ರವನ್ನು ಬಲ್ಲ ಸ್ನೇಹಿತರನ್ನು ಒಟ್ಟುಗೂಡಿಸಿ ಕನ್ಯೆಯ ಮನೆಗೆ ಕಳುಹಿಸಬೇಕೆಂದು ಆಪಸ್ತಂಬನು ವಿಧಿಸುತ್ತಾನೆ. ವರಪ್ರೇಷಣವೆಂಬ ಹೆಸರು ಈ ಕ್ರಮಕ್ಕೆ ಸಂದದ್ದು. ಆಶ್ವಲಾಯನನಾದರೋ ಮೊದಲು ಕುಲವನ್ನು ಪರೀಕ್ಷಿಸಬೇಕೆಂದು ಹೇಳಿ, ಒಡನೆಯೇ ಲಕ್ಷಣಗಳನ್ನು ತಿಳಿಯುವುದು ಕಷ್ಟವೆಂದು ಒಪ್ಪಿಕೊಂಡುಬಿಡುತ್ತಾನೆ. ಅದಕ್ಕಾಗಿ ಆತನು ಹೇಳುವ ಉಪಾಯ ವಿಚಿತ್ರವಾದುದು: ಎರಡು ಬೆಳೆ ಬೆಳೆಯುವ ಹೊಲ, ದನದ ಕೊಟ್ಟಿಗೆ, ಯಜ್ಞವೇದಿ, ಬತ್ತದ ಮಡು, ಜೂಜಿನ ತಾಣ, ನಾಲ್ದಾರಿ ಕೂಡುವೆಡೆ, ಬರಡು ನೆಲ, ಸ್ಮಶಾನ ಎಂಬ ಎಂಟು ಕಡೆಗಳಿಂದ ತಂದ ಮಣ್ಣಿನ ಉಂಡೆಗಳಲ್ಲಿ ಕನ್ಯೆಯು ಯಾವುದನ್ನು ಹಿಡಿಯುವಳೋ ಅದರಿಂದ ಮುಂದಿನ ಫಲವನ್ನು ಊಹಿಸಬೇಕಂತೆ. ಈ ಉಪಾಯವನ್ನು ಇಂದು ಯಾರೂ ನಂಬಲಾರರು. ಆದರೆ ಅದಕ್ಕೆ ಕಾರಣವಾದ ಮಾತು, ಎಂದರೆ ಹೊರನೋಟಕ್ಕೆ ಮನುಷ್ಯನು ತಿಳಿಯುವುದಿಲ್ಲವೆಂಬ ಸೂತ್ರಕಾರನ ನಿವೇದನೆ, ಇಂದಿಗೂ ಸುಳ್ಳಾಗಿಲ್ಲ. ಮನಸ್ಸೂ ಕಣ್ಣೂ ಎಲ್ಲಿ ನೆಡುವುವೋ ಅಲ್ಲಿಯೇ ಸಮೃದ್ಧಿ, ಬೇರೆಯದನ್ನು ಗಣಿಸಬೇಕಾಗಿಲ್ಲವೆಂಬ ಮತವನ್ನು ಆಪಸ್ತಂಬನೇ ಎತ್ತಿ ಹೇಳಿರುವುದೂ ಗಮನಾರ್ಹ. ಒಲವಿನ ಪಕ್ಷವು ಈ ಕಾಲದವರು ಹೊಸದಾಗಿ ಕಂಡುಹಿಡಿದುದೇನೂ ಅಲ್ಲ.

ಸ್ನೇಹಿತರನ್ನು ಕಳುಹಿಸುವ ಈ ಪದ್ಧತಿಯಲ್ಲಿ ಒಂದು ಬಿರುಕಿತ್ತು. ಮಧ್ಯಸ್ಥನು ಒಂದು ಪಕ್ಷದವನೇ ಆಗಿರುತ್ತಿದ್ದನು. ಆ ಬಿರುಕನ್ನು ಮುಚ್ಚುಮರೆಯಿಲ್ಲದೆ ತೋರಿಸುವವನು ವಾತ್ಸ್ಯಾಯನ. ಕಾಮಸೂತ್ರದ ಮೂರನೆಯ ಅಧಿಕರಣದ ಆರಂಭದಲ್ಲಿ, ವರನ ಗೆಳೆಯರು ಕನ್ಯೆಯ ತಾಯಿತಂದೆಗಳ ಮುಂದೆ ಇತರ ವರರ ದೋಷಗಳನ್ನು ಬಿಚ್ಚಿಡಬೇಕೆಂದೂ, ತಮ್ಮವನ ಗುಣಗಳನ್ನು ಹಿಗ್ಗಿಸಿ ಹೇಳಬೇಕೆಂದೂ, ಅವರಲ್ಲೊಬ್ಬನು ದೈವಜ್ಞನ ವೇಷದಿಂದ ಹೋಗಿ ಶಕುನ ಗ್ರಹಬಲಗಳನ್ನು ತೋರಿಸಿ ವರನಿಗೆ ಮುಂದೆ ಬರುವ ಐಶ್ವರ್ಯವನ್ನು ವರ್ಣಿಸಬೇಕೆಂದೂ ಆತನು ಉಪದೇಶಿಸುತ್ತಾನೆ. ಗ್ರಂಥಕರ್ತನು ಇದನ್ನು ತಪ್ಪೆಂದು ಹೇಳದಿರುವುದನ್ನು ನೋಡಿದರೆ ಲೋಕದಲ್ಲಿ ಇದು ರೂಢಿಯಾಗಿದ್ದಿತೆಂದೇ ಊಹಿಸಬೇಕಾಗುತ್ತದೆ.

ವಾತ್ಸ್ಯಾಯನನು ಉಪಾಯವೆಂದುದನ್ನು ಕೌಟಿಲ್ಯನು ಅಪರಾಧವೆನ್ನುತ್ತಾನೆ. ಆ ಕಟ್ಟಳೆಯು ವಿವಾಹಪ್ರಕರಣದಲ್ಲಿಲ್ಲ; ಕ್ರಯವಿಕ್ರಯಗಳಲ್ಲಿ ಕೊಂಡುದನ್ನು ಹಿಂದಿರುಗಿಸುವ ಪ್ರಕರಣದಲ್ಲಿದೆ. ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಎಂದು ವ್ಯವಹಾರದಿಂದ ಹಿಂಜರಿಯಲು ಅವಧಿಯನ್ನು ಗೊತ್ತುಮಾಡಿದ ಮೇಲೆ, ಅದೇ ಉಸಿರಿನಲ್ಲಿ ಮದುವೆಯ ಮಾತು ಬರುತ್ತದೆ. ಕನ್ಯೆಯನ್ನು ಸರಕಿನ ಸಾಲಿನಲ್ಲಿ ಕುಳ್ಳಿರಿಸಿದನಲ್ಲಾ ಎಂದು ಓದುವವರಿಗೆ ಖೇದವಾಗುವುದು ಸಹಜ. ಕನ್ಯಾಶುಲ್ಕದ ಚಾಳಿಯು ಎಷ್ಟು ದೀರ್ಘಕಾಲ ಬಾಳಿತೆಂಬುದಕ್ಕೆ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ರಚಿಸಿದ ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನವೇ ಸಾಕ್ಷಿ. ಆದರೂ ಕೌಟಿಲ್ಯನ ದಂಡದ ಮೊತ್ತಗಳನ್ನು ಹೋಲಿಸಿ ನೋಡಿದಾಗ ಬೇರೊಂದು ಅಂಶವು ಗೋಚರವಾಗುತ್ತದೆ. ರೋಗಿಷ್ಠವಾದ ಪಶುವನ್ನು ಆರೋಗ್ಯವುಳ್ಳುದೆಂದು ಹೇಳಿ ಮಾರಿದವನಿಗೆ 12 ಪಣ ದಂಡ. ಕನ್ಯೆಯ ದೋಷವನ್ನು ತಿಳಿಸದೆ ಕೊಟ್ಟವನಿಗೆ 96 ಪಣ. ಶುಲ್ಕವನ್ನೂ ಸ್ತ್ರೀಧನವನ್ನೂ ಹಿಂದಕ್ಕೆ ಕೊಡತಕ್ಕದ್ದು. ವರನ ದೋಷವನ್ನು ತಿಳಿಸದೆ ಕನ್ಯೆಯನ್ನು ಪಡೆದವನಿಗಾದರೋ ಅದರ ಇಮ್ಮಡಿ, ಎಂದರೆ 192 ಪಣ; ಶುಲ್ಕ ಸ್ತ್ರೀಧನಗಳೆರಡೂ ಅವನ ಪಾಲಿಗೆ ನಷ್ಟ.

ಇಲ್ಲಿ ಶಬ್ದವಿಚಾರವೊಂದುಂಟು. ಕನ್ಯೆಯ ವಿಷಯದಲ್ಲಿ ಕೌಟಿಲ್ಯನು ಬಳಸುವ ವಿಶೇಷಣ ‘ಔಪಶಾಯಿಕ’ವೆಂಬುದು. ಪರಪುರುಷಸಂಗದ ದೋಷವೆಂಬ ಅರ್ಥದಲ್ಲಿ ಶಾಮಶಾಸ್ತ್ರಿಗಳು ಅದನ್ನು ಅನುವಾದಿಸಿದರು. ಶಯನಕ್ಕೆ ಸಂಬಂಧಿಸಿದ ಶರೀರದೋಷವೆಂಬ ವಿಶಾಲಾರ್ಥವೂ ಶಬ್ದಕ್ಕೆ ಹೊಂದುತ್ತದೆ. ಹೇಗಾದರೂ ಆ ದೋಷವು ಒಂದು ಬಗೆಗೆ ಮಿತವಾದುದು. ವರನೆಡೆಗೆ ಬಂದಾಗ ಆ ವಿಶೇಷಣವಿಲ್ಲ, ಬರಿಯ ‘ವರದೋಷ’ವೆಂದಿದೆ. ಗಂಡಿನ ಕಡೆಯವರು ಯಾವ ದೋಷವನ್ನು ಮುಚ್ಚಿಟ್ಟರೂ ದಂಡಕ್ಕೆ ಗುರಿಯೆಂಬುದು ಇದರ ಸ್ವಾರಸ್ಯವೆಂದು ತೋರುತ್ತದೆ. ಮನುವು ದೋಷವನ್ನು ಮುಚ್ಚಿ ಕನ್ಯೆಯನ್ನು ಕೊಟ್ಟವನಿಗೆ ಅದೇ 96 ಪಣಗಳನ್ನು ಹೇಳುತ್ತಾನೆ. ಆ ಶ್ಲೋಕದಲ್ಲಿ ವರನ ಪ್ರಸ್ತಾವವಿಲ್ಲ. ವರನನ್ನು ಯತ್ನದಿಂದ ಪರೀಕ್ಷಿಸಬೇಕೆಂದು ಯಾಜ್ಞವಲ್ಕ್ಯನು ಹೇಳಿದ್ದಾನೆ, ನಿಜ. ಆದರೆ ಪರೀಕ್ಷೆಯು ಕೇಳುವವನ ಹೊರೆ. ತಿಳಿದವನು ತಾನಾಗಿ ಹೇಳಬೇಕೆಂಬ ಹೊರೆಯನ್ನು ಗಂಡಿನ ಪಕ್ಷದ ಮೇಲೆ ಇಮ್ಮಡಿಯಾಗಿ ಹೊರಿಸಿದುದು ಕೌಟಿಲ್ಯನ ವೈಶಿಷ್ಟ್ಯ.

ಒಬ್ಬಳನ್ನು ತೋರಿಸಿ ಮತ್ತೊಬ್ಬಳನ್ನು ಕೊಟ್ಟರೆ ಗತಿಯೇನು? ಒಂದೇ ಶುಲ್ಕಕ್ಕೆ ಇಬ್ಬರನ್ನೂ ವರಿಸಬಹುದೆಂದು ಮನುವಿನ ತೀರ್ಪು. ವಂಚಕನಿಗೆ ನಷ್ಟವಾಯಿತು, ಸರಿ. ಆ ಇಬ್ಬರು ಹೆಣ್ಣುಮಕ್ಕಳ ಗತಿಯನ್ನು ಯಾರು ಕೇಳಿದರು? ಕೌಟಿಲ್ಯನು ನಾಲ್ಕನೆಯ ಅಧಿಕರಣದಲ್ಲಿ ಇದೇ ಅಪರಾಧಕ್ಕೆ, ಕೊಟ್ಟವಳು ಸಮಾನಳಾದರೆ 100 ಪಣ, ಹೀನಳಾದರೆ ಅದರ ಇಮ್ಮಡಿ ಎಂದು ಹಣದ ದಂಡವನ್ನೇ ಹೇಳಿದ್ದಾನೆ.

ಈಚಿನ ಶತಮಾನಗಳಲ್ಲಿ ರುದ್ರಪಟ್ಟಣದಂತಹ ನದೀತೀರದ ಅಗ್ರಹಾರಗಳಲ್ಲಿ ಸಂಬಂಧಗಳು ಪರಿಚಿತವಾದ ಕೆಲವು ಊರುಗಳ ಒಳಗೇ ಕೂಡುತ್ತಿದ್ದುದರಿಂದ, ಸುಳ್ಳು ಹೇಳಿದವನು ಮಾರನೆಯ ಶ್ರಾದ್ಧದ ಪಂಕ್ತಿಯಲ್ಲಿ ಮುಖ ತೋರಿಸಬೇಕಾಗಿದ್ದಿತು. ಕಾನೂನಿಗಿಂತ ಈ ನಾಚಿಕೆಯೇ ದೊಡ್ಡ ಕಾವಲು. ಆ ಕಾವಲು ಕುಲವನ್ನು ಕಾಯಿತೇ ಹೊರತು ಹೆಣ್ಣಿನ ಇಚ್ಛೆಯನ್ನು ಕೇಳಲಿಲ್ಲವೆಂಬುದನ್ನೂ ಹೇಳದೆ ವಿಧಿಯಿಲ್ಲ. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕು ತುಂಬದವರನ್ನು ವರಿಸುವುದನ್ನೂ ತಡೆಯುವುದಕ್ಕೆ ಮೈಸೂರು ಸಂಸ್ಥಾನವು 1894ರಲ್ಲಿ ನಿಬಂಧನೆಯನ್ನೇ ಮಾಡಬೇಕಾಗಿ ಬಂದಿತು.

ಜನರು ಊರು ಬಿಟ್ಟು ಬೆಂಗಳೂರಿಗೂ ಹೊರದೇಶಗಳಿಗೂ ಹೋದ ಮೇಲೆ ಆ ಕಾವಲು ಸಡಿಲವಾಯಿತು. ವಧೂವರಾನ್ವೇಷಣೆಯ ಜಾಲತಾಣಗಳು ಬಂದವು; 2012ರಲ್ಲಿ ಅಮೆರಿಕೆಯಲ್ಲಿ ಟಿಂಡರ್ ಹುಟ್ಟಿತು; 2014ರಲ್ಲಿ ಬೆಂಗಳೂರಿನಲ್ಲಿಯೇ ಐಲ್ ಎಂಬ ಆ್ಯಪ್ ತಲೆಯೆತ್ತಿತು. ಇವುಗಳಲ್ಲಿ ವರನೇ ತನ್ನ ವರಪ್ರೇಷಿತನು. ತನ್ನ ಗುಣವನ್ನು ತಾನೇ ಹೊಗಳಿಕೊಳ್ಳುವನು. ವಾತ್ಸ್ಯಾಯನನ ಹುಸಿ ದೈವಜ್ಞನ ಸ್ಥಾನದಲ್ಲಿ ಇಂದು ವಿದೇಶದ ವೈದ್ಯನೆಂದು ಹೇಳಿಕೊಳ್ಳುವವನಿದ್ದಾನೆ. ಅವನು ಕಳುಹಿಸಿದ ಉಡುಗೊರೆಯು ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಲು ಹಣ ಬೇಕೆಂದು ಕರೆ ಬರುತ್ತದೆ. ಮುಖವನ್ನು ಕಾಣದೆ ಹಣದ ಮಾತು ಬಂದಲ್ಲಿಗೆ ಸಂಬಂಧವನ್ನು ಕಡಿಯುವುದೇ ಲೇಸು. ಹಣ ಹೋದವರು ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬಹುದು.

ಆ್ಯಪನ್ನು ಆರಿಸುವಾಗ ಉದ್ದೇಶಭೇದವನ್ನು ಮೊದಲು ತಿಳಿಯಬೇಕು. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ಸಲಹಾಸೂತ್ರವು ವಿವಾಹದ ತಾಣಗಳಿಗೆ ಮಾತ್ರ ಸಂಬಂಧಿಸಿದ್ದು: ಬಳಕೆದಾರನ ಗುರುತಿನ ದಾಖಲೆಯನ್ನು ಪಡೆಯಬೇಕು, ತಾಣವು ಡೇಟಿಂಗಿಗಾಗಿ ಅಲ್ಲವೆಂದು ಸಾರಬೇಕು, ವಂಚನೆಯ ವಿಷಯದಲ್ಲಿ ಎಚ್ಚರಿಸಬೇಕು ಎಂದು ಅದು ಹೇಳುತ್ತದೆ. ಮದುವೆಯನ್ನೇ ಬಯಸುವವರು ಪರಿಚಯದ ಆ್ಯಪಿನಲ್ಲಿ ಈ ರಕ್ಷೆಯನ್ನು ನಿರೀಕ್ಷಿಸಲಾಗದು. ಮುಖಪರೀಕ್ಷೆ ಮಾಡಿ ಗುರುತುಚಿಹ್ನೆ ಕೊಡುವ ಆ್ಯಪ್‌ಗಳುಂಟು. ಚಿತ್ರದಲ್ಲಿರುವವನೇ ಮಾತಾಡುತ್ತಿರುವನೆಂಬಷ್ಟಕ್ಕೆ ಅದು ಪ್ರಮಾಣ; ಒಬ್ಬಳನ್ನು ತೋರಿಸಿ ಮತ್ತೊಬ್ಬಳನ್ನು ಕೊಡುವ ಮೋಸಕ್ಕೆ ಅದು ಮದ್ದಾಗಬಲ್ಲುದು. ಆದರೆ ಅವನಿಗೆ ಈಗಾಗಲೇ ಮದುವೆಯಾಗಿದೆಯೇ, ಹೇಳಿದ ಉದ್ಯೋಗವು ನಿಜವೇ ಎಂಬ ವರದೋಷವನ್ನು ಅದು ಹೇಳಲಾರದು. ಅದನ್ನು ಕಚೇರಿಯಲ್ಲಿಯೋ ಊರಿನಲ್ಲಿಯೋ ಮನುಷ್ಯರನ್ನು ಕೇಳಿಯೇ ತಿಳಿಯಬೇಕು. ಆಪಸ್ತಂಬನು ಸ್ನೇಹಿತರನ್ನು ಒಟ್ಟಾಗಿ ಕಳುಹಿಸೆಂದುದರಲ್ಲಿ ಸ್ತ್ರೀಯರು ಇಂದು ಗ್ರಹಿಸಬೇಕಾದ ಅಂಶವಿದೆ: ಮೊದಲ ಭೇಟಿಯು ಜನಸಂಚಾರವುಳ್ಳ ಸ್ಥಳದಲ್ಲಿರಲಿ, ಹೋಗುವ ಜಾಗವೂ ವೇಳೆಯೂ ಗೆಳತಿಯೊಬ್ಬಳಿಗಾದರೂ ಗೊತ್ತಿರಲಿ, ಹಿಂದಿರುಗುವ ವಾಹನವು ತನ್ನದೇ ಏರ್ಪಾಡಾಗಿರಲಿ. ತನ್ನ ವಿವರವನ್ನು ಬರೆಯುವಾಗಲೂ ಇದೇ ನ್ಯಾಯ. ದೋಷವನ್ನು ಮೊದಲೇ ಹೇಳಿ ಕೊಟ್ಟವನಿಗೆ ದಂಡವಿಲ್ಲವೆಂದು ಮನುವೇ ಹೇಳಿರುವನು. ವಿಚ್ಛೇದನವನ್ನೋ ವಯಸ್ಸನ್ನೋ ಮರೆಸಿ ನೂರು ಮಂದಿಯ ಗಮನವನ್ನು ಸೆಳೆಯುವುದಕ್ಕಿಂತ, ಇದ್ದುದನ್ನು ಇದ್ದಂತೆ ಬರೆದು ಹತ್ತು ಮಂದಿಯನ್ನು ಪಡೆಯುವುದು ಕಾರ್ಯಸಾಧಕ.

ಇಂದಿನ ಶಾಸನವು ಕೌಟಿಲ್ಯನ ಕಟ್ಟಳೆಯನ್ನು ಬಹುವಾಗಿ ಹೋಲುತ್ತದೆ. ಗುರುತನ್ನು ಮರೆಮಾಚಿ ಮದುವೆಯಾಗಿ ಸ್ತ್ರೀಸಂಗ ಮಾಡಿದವನಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮು ಹತ್ತು ವರ್ಷಗಳವರೆಗೆ ಸೆರೆವಾಸವನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. 1955ರ ಹಿಂದೂ ವಿವಾಹ ಶಾಸನದ 12ನೆಯ ಕಲಮಿನ ಮೇರೆಗೆ, ಮುಖ್ಯವಾದ ಸಂಗತಿಯನ್ನು ಕುರಿತು ವಂಚಿಸಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದುಮಾಡಿಸಬಹುದು. ಆದರೆ ಅವಧಿಯುಂಟು. ಪಾಣಿಗ್ರಹಣವಾದ ಮೇಲೆಯೂ ದೋಷವು ಕಂಡರೆ ಹಿಂದೆಗೆಯಬಹುದು, ಮಕ್ಕಳಾದ ಮೇಲೆ ಕೂಡದು ಎಂದು ಕೌಟಿಲ್ಯನು ಮೇರೆಯಿಟ್ಟಿದ್ದನು. ಈ ಶಾಸನವು ವಂಚನೆಯು ತಿಳಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕೆಂದೂ, ತಿಳಿದ ಮೇಲೆ ಸ್ವಸಂತೋಷದಿಂದ ಕೂಡಿ ಬಾಳಿದವರ ಅರ್ಜಿಯು ನಿಲ್ಲದೆಂದೂ ಹೇಳುತ್ತದೆ.