ಟ್ಯಾಂಕಿನಿಂದ ನಾಜಲ್‌ವರೆಗೆ: ಪೊಳ್ಳಾಚಿಯ ಡೀಸೆಲ್ ದಾರಿ

ತಮಿಳುನಾಡಿನ ಪೊಳ್ಳಾಚಿಯಿಂದ ಹೊರಟು ಆಳಿಯಾರು ಅಣೆಕಟ್ಟು ದಾಟಿದ ಮೇಲೆ ವಾಲ್ಪಾರೈಗೆ ಏರುವ ಘಾಟಿಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಪೊಳ್ಳಾಚಿಯ ತೆಂಗಿನ ತೋಟಗಳ ನಡುವೆ ಕಾಯಿ ಹೇರಿಕೊಂಡು ಯಾವ ತಕರಾರೂ ಇಲ್ಲದೆ ಓಡಾಡುವ ಪಿಕಪ್ ಗಾಡಿ ಇಲ್ಲಿ ನಾಲ್ಕಾರು ತಿರುವು ಏರುವಷ್ಟರಲ್ಲಿ ಎಳೆಯುವುದನ್ನೇ ಬಿಟ್ಟುಬಿಡಬಹುದು. ಸಮತಟ್ಟು ರಸ್ತೆಯಲ್ಲಿ ಎಂಜಿನ್ ತನಗೆ ಸಿಗಬಹುದಾದ ಡೀಸೆಲ್‌ನಲ್ಲಿ ಸ್ವಲ್ಪವನ್ನಷ್ಟೇ ಕೇಳುತ್ತದೆ. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಪೂರೈಸುತ್ತದೆ. ಏರಿನಲ್ಲಿ, ಭಾರ ಹೊತ್ತು, ಎರಡನೇ ಗೇರಿನಲ್ಲಿ ಪೂರ್ತಿ ಡೀಸೆಲ್ ಬೇಕಾದಾಗ ಕೊರತೆ ಗೊತ್ತಾಗುತ್ತದೆ. ಬಯಲು ಬಚ್ಚಿಟ್ಟದ್ದನ್ನು ಘಾಟಿ ಬಯಲಿಗೆಳೆಯುತ್ತದೆ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಇಂಧನ ಎಲ್ಲಿ ತಡೆದಿದೆ ಎಂದು ಹುಡುಕುವ ವಿದ್ಯೆ ಈ ಊರಿನ ಸುತ್ತ ಬೆಳೆದದ್ದರಲ್ಲಿ ಅಚ್ಚರಿಯಿಲ್ಲ.

ಆ ವಿದ್ಯೆಯ ಬೇರು ಬಸ್ಸಿನಲ್ಲಿದೆ. 1920ರಲ್ಲಿ ಜಿ.ಡಿ. ನಾಯ್ಡು ಒಂದು ಮೋಟಾರು ಬಸ್ಸು ಕೊಂಡು ಪೊಳ್ಳಾಚಿ–ಪಳನಿ ನಡುವೆ ಓಡಿಸತೊಡಗಿದರು. ಚಾಲಕನ ಸೀಟಿನಲ್ಲಿ ಕೂತವರೂ ಅವರೇ. ಶಾಲೆಯ ಓದು ಹೆಚ್ಚಿಲ್ಲದ, ಕಂಡ ಯಂತ್ರವನ್ನೆಲ್ಲ ಬಿಚ್ಚಿ ನೋಡದೆ ಬಿಡದ ಈ ಮನುಷ್ಯನ ಒಂದು ಬಸ್ಸು ಮುಂದೆ ಯುನಿವರ್ಸಲ್ ಮೋಟಾರ್ ಸರ್ವಿಸ್ ಆಗಿ ಬೆಳೆಯಿತು. 1931ರಲ್ಲಿ ಪೊಳ್ಳಾಚಿಯಲ್ಲೇ ನಾಚಿಮುತ್ತು ಗೌಂಡರ್ ಆನೈಮಲೈ ಬಸ್ ಟ್ರಾನ್ಸ್‌ಪೋರ್ಟ್ ಆರಂಭಿಸಿದರು. ‘ಎಬಿಟಿ’ ಎಂದು ಜನರ ಬಾಯಲ್ಲಿ ನಿಂತ ಈ ಕಂಪನಿಯನ್ನು ಮುಂದೆ ಅವರ ಮಗ ಎನ್. ಮಹಾಲಿಂಗಂ ಬೆಳೆಸಿದರು. ಬಸ್ಸು ಕಂಪನಿ ಇದ್ದಲ್ಲಿ ಶೆಡ್ಡು ಇರಲೇಬೇಕು. ಶೆಡ್ಡಿನಲ್ಲಿ ಪಾನಾ ಹಿಡಿದು ಕಲಿತ ಹುಡುಗ ಮುಂದೆ ರಸ್ತೆ ಬದಿಯಲ್ಲಿ ತನ್ನದೇ ಗ್ಯಾರೇಜು ಹಾಕುತ್ತಾನೆ. ದಕ್ಷಿಣದ ಎಷ್ಟೋ ಊರುಗಳಲ್ಲಿ ಮೆಕ್ಯಾನಿಕ್ ಕಸುಬು ಹರಡಿದ್ದು ಹೀಗೆಯೇ.

ಆ ಕಾಲದ ಬಸ್ಸುಗಳು ಪೆಟ್ರೋಲಿನವು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿಗೆ ಒಲೆಯಂಥ ಸಿಲಿಂಡರ್ ಕಟ್ಟಿ, ಇದ್ದಿಲು ಸುಟ್ಟು ಬಂದ ಗ್ಯಾಸಿನಲ್ಲಿ ಎಂಜಿನ್ ಓಡಿಸಿದರು. ಮೈಸೂರು ಸೀಮೆಯ ಹಿರಿಯರು ಇಂಥ ಇದ್ದಿಲು ಬಸ್ಸುಗಳ ಕಥೆ ಹೇಳುತ್ತಿದ್ದುದುಂಟು. ಗ್ಯಾಸಿನಲ್ಲಿ ಬೂದಿ ಉಳಿದರೆ ಎಂಜಿನ್ ಕೆಡುತ್ತಿತ್ತು, ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರಿದರೆ ಶಕ್ತಿ ಕುಂದುತ್ತಿತ್ತು. ಇಂಧನ ಶುದ್ಧವಾಗಿರಬೇಕು, ದಾರಿ ಗಾಳಿ ಸೇರದಂತೆ ಭದ್ರವಾಗಿರಬೇಕು ಎಂಬ ಎರಡು ಪಾಠ ಡೀಸೆಲ್‌ಗಿಂತ ಮೊದಲೇ ಶೆಡ್ಡುಗಳಿಗೆ ಬಂದಿದ್ದವು.

ಡೀಸೆಲ್ ಎಂಜಿನ್ ಹುಟ್ಟಿದ್ದು ಅದಕ್ಕೂ ಬಹಳ ಹಿಂದೆ. ರುಡಾಲ್ಫ್ ಡೀಸೆಲ್ 1897ರಲ್ಲೇ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಅದನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದರು. ಆದರೆ ಇಂಧನವನ್ನು ಸಿಲಿಂಡರಿಗೆ ಊದಲು ದೊಡ್ಡ ಕಂಪ್ರೆಸರ್ ಬೇಕಿತ್ತು. ಅಷ್ಟು ಭಾರ ಹೊತ್ತ ಎಂಜಿನ್ ಹಡಗಿಗೆ, ಕಾರ್ಖಾನೆಗೆ ಸರಿ, ಲಾರಿಗಲ್ಲ. ರಾಬರ್ಟ್ ಬಾಷ್ 1922ರ ಕೊನೆಗೆ ಇಂಜೆಕ್ಷನ್ ಪಂಪಿನ ಕೆಲಸ ಹಿಡಿದು, 1927ರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರತೊಡಗಿದ ಮೇಲೆ ಡೀಸೆಲ್ ರಸ್ತೆಯ ಇಂಧನವಾಯಿತು. ಆ ಪಂಪಿನೊಳಗೆ ಬೆರಳಿನಷ್ಟು ದಪ್ಪದ ಪ್ಲಂಜರ್, ಅದು ಜಾರುವ ಬ್ಯಾರಲ್, ಇವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್. ಆ ಸಂದಿಗೆ ಎಣ್ಣೆ ಹಾಕುವವರಿಲ್ಲ, ಹಾದುಹೋಗುವ ಡೀಸೆಲ್ಲೇ ಅದಕ್ಕೆ ಎಣ್ಣೆ.

ಇಲ್ಲಿ ಕರ್ನಾಟಕದ ಪಾಲು ದೊಡ್ಡದು. 1951ರಲ್ಲಿ ಬಾಷ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಸ್ಥಾಪನೆಯಾಯಿತು. ಆಡುಗೋಡಿಯ ಆ ಕಾರ್ಖಾನೆ ಸ್ಪಾರ್ಕ್ ಪ್ಲಗ್, ಪಂಪ್, ಸಿಲಿಂಡರಿಗೆ ಡೀಸೆಲ್ ಸಿಡಿಸುವ ನಾಜಲ್‌ಗಳನ್ನು ಮಾಡತೊಡಗಿತು. 1954ರಲ್ಲಿ ಲಾರಿ ತಯಾರಿಸಲು ಟಾಟಾ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿತು. ಮದರಾಸಿನ ಸಿಂಪ್ಸನ್ ಕಂಪನಿಯಿಂದ ಪರ್ಕಿನ್ಸ್ ಎಂಜಿನ್ನುಗಳು ಬಂದವು. ದಿಂಡಿಗಲ್, ಪಳನಿ, ಪೊಳ್ಳಾಚಿ, ಕೊಯಮತ್ತೂರು, ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರ, ಕೊಳ್ಳೇಗಾಲ ಹಾದು ಬೆಂಗಳೂರು ಸೇರುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 209ನ್ನು ನಕ್ಷೆಯಲ್ಲಿ ನೋಡಿದರೆ, ನಾಯ್ಡು ಅವರ ಬಸ್ಸು ಓಡಿದ ಊರುಗಳೂ ಮೈಕೋ ಇದ್ದ ನಗರವೂ ಒಂದೇ ಗೆರೆಯ ಮೇಲೆ ಸಿಗುತ್ತವೆ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆ ಭಾಗದ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಈಗಲೂ ಕನ್ನಡವೇ ಮಾತು. ಎರಡೂ ಕಡೆಯ ಒಡನಾಟ ಲಾರಿಗಳಿಗಿಂತ ಹಳೆಯದು.

ಪಂಪಿನ ಜೊತೆ ಪಂಪ್ ಅಂಗಡಿಯೂ ಬಂತು. ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಪಂಪನ್ನು ಕೂರಿಸಿ, ಮೋಟಾರಿನಿಂದ ತಿರುಗಿಸಿ, ಒಂದೊಂದು ಬ್ಯಾರಲ್ ಇಷ್ಟು ಸ್ಟ್ರೋಕಿಗೆ ಎಷ್ಟು ಎಂಎಲ್ ಕೊಡುತ್ತದೆಂದು ಗಾಜಿನ ಕೊಳವೆಗಳಲ್ಲಿ ಅಳೆಯುವುದು ಅಲ್ಲಿನ ಕೆಲಸ. ಪಕ್ಕದಲ್ಲಿ ಕೈಯಿಂದ ಒತ್ತುವ ನಾಜಲ್ ಟೆಸ್ಟರ್. ಒಳ್ಳೆಯ ನಾಜಲ್ ಕರಕರ ಸದ್ದು ಮಾಡಿ ಮಂಜಿನಂತೆ ಸಿಡಿಸುತ್ತದೆ, ಕೆಟ್ಟದ್ದು ತೊಟ್ಟಿಕ್ಕುತ್ತದೆ. ಸ್ಪ್ರಿಂಗಿನ ಮೇಲೆ ತೆಳುವಾದ ಶಿಮ್ ಸೇರಿಸಿ ಒತ್ತಡ ಸರಿಪಡಿಸುತ್ತಾರೆ.

ಆದರೆ ಈ ಕಸುಬಿನ ನಿಜವಾದ ಜಾಣ್ಮೆ ಬೆಂಚಿನಲ್ಲಿ ಇಲ್ಲ, ಪಂಪನ್ನು ಬಿಚ್ಚುವ ಮೊದಲಿನ ಪರೀಕ್ಷೆಯಲ್ಲಿದೆ. ಹಳೆಯ ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳದಿಂದ ಆರಂಭಿಸುತ್ತಿದ್ದ. ಮುಚ್ಚಳದ ಗಾಳಿ ರಂಧ್ರ ಕಟ್ಟಿದರೆ ಡೀಸೆಲ್ ಹೊರಗೆ ಬಂದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚುತ್ತದೆ, ಸ್ವಲ್ಪ ದೂರ ಹೋಗಿ ಗಾಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ. ನಂತರ ಜಾಲರಿ, ಪೈಪು, ಫೀಡ್ ಪಂಪ್, ಫಿಲ್ಟರ್. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಭಾಗ ಎಳೆಯುವ ಭಾಗ. ಅಲ್ಲಿ ಒಂದು ತಾಮ್ರದ ವಾಷರ್ ಸವೆದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಆದ್ದರಿಂದಲೇ ಕಣ್ಣಿಗೆ ಏನೂ ಕಾಣದೆ ಗಾಡಿ ಏರ್ ಲಾಕ್ ಆಗುತ್ತದೆ. ಇದನ್ನು ಪತ್ತೆಹಚ್ಚಲು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಎತ್ತರದಲ್ಲಿಟ್ಟು, ಪಾರದರ್ಶಕ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಡುವ ಉಪಾಯವಿದೆ. ಗಾಡಿ ಸರಿಹೋದರೆ ದೋಷ ಹಿಂದಿನ ಪೈಪಿನಲ್ಲೋ ಟ್ಯಾಂಕಿನಲ್ಲೋ ಇದೆ. ಗುಳ್ಳೆಗಳು ಮುಂದುವರಿದರೆ ಮುಂದೆ ಹುಡುಕಬೇಕು. ಈ ಅಗ್ಗದ ಪರೀಕ್ಷೆ ಮಾಡದೆ ಪಂಪ್ ಇಳಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಸಣ್ಣ ಗಾಡಿ ಮಾಲೀಕನಿಗೆ ಬೇರೆ ಇಲ್ಲ.

ಕೊನೆಗೆ ನಾಜಲ್‌ಗಳ ಸರದಿ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟು ಸಡಿಲಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಆ ಸಿಲಿಂಡರೇ ಕೆಲಸ ಮಾಡುತ್ತಿಲ್ಲ.

ಎಷ್ಟು ಎಚ್ಚರ ವಹಿಸಿದರೂ ಬಂಕಿನ ಇಂಧನವೇ ಕೆಟ್ಟಿದ್ದರೆ ಮೆಕ್ಯಾನಿಕ್ ಮಾಡುವುದೇನಿತ್ತು? ಸಬ್ಸಿಡಿ ಸೀಮೆಎಣ್ಣೆಗೂ ಡೀಸೆಲ್‌ಗೂ ಬೆಲೆಯ ಅಂತರವಿದ್ದ ದಶಕಗಳಲ್ಲಿ ಕಲಬೆರಕೆ ದೇಶವ್ಯಾಪಿ ಪಿಡುಗಾಗಿತ್ತು. ಸೀಮೆಎಣ್ಣೆಗೆ ಜಿಡ್ಡು ಕಡಿಮೆ. ಮೈಕ್ರಾನ್ ಸಂದಿನ ಪ್ಲಂಜರಿಗೆ ಗೀರು ಬೀಳುತ್ತದೆ. 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಬಂಕಿನ ವಿರುದ್ಧ ನಿಂತ ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ ಕೊಲೆಯಾದರು. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ. ಹಾಳಾದ ಪ್ಲಂಜರುಗಳ ಚರಿತ್ರೆ ಬರೆಯುವವರು ಅವರ ಹೆಸರನ್ನು ಬಿಡಬಾರದು.

ಅದೇ 2005ರಲ್ಲಿ ಎರಡು ಸಿಲಿಂಡರಿನ ಟಾಟಾ ಏಸ್ ಬಂತು. 1986ರ ಟಾಟಾ 407 ದೊಡ್ಡ ಲಾರಿಯ ಕೆಲಸವನ್ನು ಸಣ್ಣ ಗಾಡಿಗೆ ಇಳಿಸಿದ್ದರೆ, ಏಸ್ ಅದನ್ನು ತೋಟದ ಗೇಟಿನವರೆಗೆ ತಂದಿತು. ಬೊಲೆರೊ ಪಿಕಪ್‌ಗಳೂ ಸೇರಿ ಎಳನೀರು, ನಾರು, ತರಕಾರಿ ಸಾಗಣೆ ಬಸ್ಸು ಕಂಪನಿಯ ಶೆಡ್ಡಿನ ಆಸರೆಯೇ ಇಲ್ಲದ ಒಂಟಿ ಮಾಲೀಕರ ಕೈಗೆ ಬಂತು.

ಎಲ್ಲ ಇಂಜೆಕ್ಟರುಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ವ್ಯವಸ್ಥೆ ಹಳೆಯ ವಿದ್ಯೆಯ ಒಂದು ಭಾಗವನ್ನು ಅಪಾಯಕಾರಿಯಾಗಿಸಿತು. ಹಳೆಯ ನಾಜಲ್ ತೆರೆದುಕೊಳ್ಳುತ್ತಿದ್ದುದು ಸುಮಾರು 120ರಿಂದ 250 ಬಾರ್ ಒತ್ತಡಕ್ಕೆ. ರೈಲಿನಲ್ಲಿ 1,600 ಬಾರ್, ಕೆಲವುಗಳಲ್ಲಿ ಇನ್ನೂ ಹೆಚ್ಚು. ಓಡುವ ಎಂಜಿನ್ನಿನಲ್ಲಿ ಇಲ್ಲಿ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಬೆರಳೇ ಹೋಗಬಹುದು. ಈಗ ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ಓದುತ್ತಾರೆ. ಇಂಜೆಕ್ಟರುಗಳ ರಿಟರ್ನ್ ಬಾಯಿಗೆ ಸಣ್ಣ ಬಾಟಲಿ ಜೋಡಿಸಿ, ಯಾವುದು ಹೆಚ್ಚು ಡೀಸೆಲ್ ಹಿಂದಕ್ಕೆ ಬಿಡುತ್ತದೆಂದು ಹೋಲಿಸುತ್ತಾರೆ. ಹೆಚ್ಚು ಬಿಡುವ ಇಂಜೆಕ್ಟರ್ ಒಳಗೆ ಸವೆದಿದೆ, ರೈಲಿನ ಒತ್ತಡ ಅಲ್ಲೇ ಸೋರುತ್ತಿದೆ. ಹೊಸದನ್ನು ಹಾಕಿದ ಮೇಲೆ ಅದರ ಮೇಲಿನ ಕೋಡನ್ನು ಅನೇಕ ಗಾಡಿಗಳಲ್ಲಿ ಕಂಪ್ಯೂಟರಿಗೆ ತುಂಬಬೇಕು.

2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಕಡ್ಡಾಯವಾಗಿ, ಡೀಸೆಲ್‌ನ ಗಂಧಕ 10 ಪಿಪಿಎಂಗೆ ಇಳಿಯಿತು. ಆದರೂ ದೋಷ ಹುಡುಕುವ ಕೆಲಸ ಮುಗಿಯಲಿಲ್ಲ. ರೈಲ್ ಪ್ರೆಶರ್ ಕಡಿಮೆ ಎಂದು ಸ್ಕ್ಯಾನರ್ ತೋರಿಸಿದಾಗ ಅದು ಹೇಳುವುದು ಒತ್ತಡ ಬಿದ್ದಿದೆ ಎಂದಷ್ಟೇ. ಹೈ ಪ್ರೆಶರ್ ಪಂಪ್ ಸೋತಿದೆಯೋ, ಅದರ ಹಿಂದೆ ಫಿಲ್ಟರ್ ಕಟ್ಟಿದೆಯೋ ಎಂದು ಅದು ತಾನಾಗಿ ಹೇಳದು. ಮಳೆಗಾಲದಲ್ಲಿ ವಾಟರ್ ಸೆಪರೇಟರಿನ ತಳದ ಸ್ಕ್ರೂ ಬಿಚ್ಚಿ, ಮೊದಲು ಇಳಿಯುವುದು ನೀರೋ ಡೀಸೆಲ್ಲೋ ಎಂದು ಗಾಜಿನ ಬಾಟಲಿಯಲ್ಲಿ ಹಿಡಿದು ನೋಡುವ ಕೆಲಸ ಹೊಸ ಗಾಡಿಗೂ ಉಳಿದಿದೆ.