‘ಇಂಟರ್ನಲ್’ ಪದದ ಅರ್ಥಗಳು ಮತ್ತು ಕನ್ನಡ ಸಮಾನಾರ್ಥಕಗಳು: ಅರ್ಜಿದಾರರ ಮಾಹಿತಿಗಾಗಿ

‘ಇಂಟರ್ನಲ್’ ಎಂಬ ಇಂಗ್ಲಿಷ್ ಗುಣವಾಚಕವು ವಸ್ತು, ದೇಹ, ಸ್ಥಳ ಅಥವಾ ಸಂಸ್ಥೆಯ ಒಳಗಿರುವುದನ್ನು ಸೂಚಿಸುತ್ತದೆ. ಇನ್ನರ್, ಇಂಟೀರಿಯರ್, ಇನ್‌ಡೋರ್, ಇನ್‌ಲ್ಯಾಂಡ್ ಮತ್ತು ಡೊಮೆಸ್ಟಿಕ್ ಎಂಬುವು ಇದಕ್ಕೆ ಸಮೀಪದ ಪದಗಳು. ಇದರ ವಿರುದ್ಧ ಪದ ‘ಎಕ್ಸ್‌ಟರ್ನಲ್’, ಅಂದರೆ ಬಾಹ್ಯ ಅಥವಾ ಹೊರಗಿನ. ಕನ್ನಡದಲ್ಲಿ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪದಗಳು ಬಳಕೆಯಲ್ಲಿವೆ.

1. ಆಂತರಿಕ
ಸಂಸ್ಥೆಯ ವ್ಯಾಪ್ತಿಯೊಳಗೇ ನಡೆಯುವ ಕಾರ್ಯಕ್ಕೆ ಈ ಪದವನ್ನು ಬಳಸಲಾಗುತ್ತದೆ. ಉದಾ: ಆಂತರಿಕ ಲೆಕ್ಕಪರಿಶೋಧನೆ, ಆಂತರಿಕ ಮೌಲ್ಯಮಾಪನ. ಎಸ್.ಎಸ್.ಎಲ್.ಸಿ.ಯ 100 ಅಂಕಗಳ ವಿಷಯದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಶಾಲಾ ಹಂತದ ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾಗಿರುತ್ತವೆ.

2. ಒಳ
ಸ್ಥಳ, ದೇಹ ಮತ್ತು ಕಟ್ಟಡಗಳಿಗೆ ಸಂಬಂಧಿಸಿದಂತೆ ಈ ಅಚ್ಚಗನ್ನಡ ಪದವೇ ರೂಢಿಯಲ್ಲಿದೆ. ಉದಾ: ಒಳರೋಗಿ, ಒಳಚರಂಡಿ, ಒಳಾಂಗಣ ಕ್ರೀಡಾಂಗಣ, ಒಳನಾಡು ಮೀನುಗಾರಿಕೆ. ರಾಜ್ಯದ ಗೃಹ ಇಲಾಖೆಗೆ ‘ಒಳಾಡಳಿತ ಇಲಾಖೆ’ ಎಂಬ ಹೆಸರಿರುವುದೂ ಇದೇ ಅರ್ಥದಲ್ಲಿ.

3. ಅಂತರ್
ಈ ಸಂಸ್ಕೃತ ಪೂರ್ವಪದಕ್ಕೆ ‘ಒಳಗೆ’ ಮತ್ತು ‘ನಡುವೆ’ ಎಂಬ ಎರಡೂ ಅರ್ಥಗಳಿವೆ. ‘ಅಂತರ್ಜಲ’ ಎಂದರೆ ನೆಲದೊಳಗಿನ ನೀರು. ‘ಅಂತರ್ಜಾತಿ ವಿವಾಹ’ ಎಂದರೆ ಎರಡು ಜಾತಿಗಳ ನಡುವಿನ ವಿವಾಹ. ಪರಿಶಿಷ್ಟ ಜಾತಿಯ ಒಳಪಂಗಡಗಳ ನಡುವಿನ ವಿವಾಹಕ್ಕೆ ಇರುವ ಪ್ರೋತ್ಸಾಹಧನ ಯೋಜನೆಯು ಅಂತರ್ಜಾತಿ ವಿವಾಹದ ಯೋಜನೆಗಿಂತ ಬೇರೆಯಾದುದು. ಆದ್ದರಿಂದ ಅರ್ಜಿದಾರರು ಯೋಜನೆಯ ಪೂರ್ಣ ಹೆಸರನ್ನು ಓದಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ.

ಅರ್ಥ ತಿಳಿಯುವ ಅಗತ್ಯ

ಪದದ ಅರ್ಥವನ್ನು ತಪ್ಪಾಗಿ ಗ್ರಹಿಸಿದಲ್ಲಿ ಅರ್ಜಿಯು ಸಂಬಂಧಪಡದ ಕಚೇರಿಗೆ ತಲುಪಿ, ಕಾಲಮಿತಿ ಮೀರುವ ಸಾಧ್ಯತೆ ಇರುತ್ತದೆ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ ಸಂಬಂಧಿಸಿದ 2013ರ ಅಧಿನಿಯಮದ ಪ್ರಕಾರ, 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯಲ್ಲಿ ‘ಆಂತರಿಕ ಸಮಿತಿ’ ಇರತಕ್ಕದ್ದು. ಅದಕ್ಕಿಂತ ಕಡಿಮೆ ಮಂದಿ ಇರುವಲ್ಲಿ ಅಥವಾ ಮಾಲೀಕರ ಮೇಲೆಯೇ ದೂರು ಇದ್ದಲ್ಲಿ, ಜಿಲ್ಲೆಯ ‘ಸ್ಥಳೀಯ ಸಮಿತಿ’ಗೆ ದೂರು ನೀಡಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ ಸಮಿತಿಯು ಮತ್ತೆ 3 ತಿಂಗಳವರೆಗೆ ಅವಧಿ ವಿಸ್ತರಿಸಬಹುದು.

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಮೊದಲನೆಯ ಮೇಲ್ಮನವಿಯು ಆಂತರಿಕ ಸ್ವರೂಪದ್ದು. ಇದನ್ನು ಅದೇ ಪ್ರಾಧಿಕಾರದ ಮೇಲ್ದರ್ಜೆಯ ಅಧಿಕಾರಿಗೆ 30 ದಿನಗಳೊಳಗೆ ಸಲ್ಲಿಸಬೇಕು. ಎರಡನೆಯ ಮೇಲ್ಮನವಿಯನ್ನು ಪ್ರಾಧಿಕಾರದ ಹೊರಗಿನ ಮಾಹಿತಿ ಆಯೋಗಕ್ಕೆ 90 ದಿನಗಳೊಳಗೆ ಸಲ್ಲಿಸಬೇಕು.

ನಮೂನೆಯಲ್ಲಿ ‘ಇಂಟರ್ನಲ್’ ಎಂಬ ಪದ ಕಂಡುಬಂದಲ್ಲಿ, ‘ಯಾವುದರ ಒಳಗೆ?’ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಸಂದೇಹವಿದ್ದಲ್ಲಿ ಅರ್ಜಿ ಸ್ವೀಕರಿಸುವ ಸಿಬ್ಬಂದಿಯಿಂದ ವಿವರಣೆ ಪಡೆದು ಭರ್ತಿ ಮಾಡುವುದು.